ಮಲೆನಾಡಿನ ಮಳೆಗೆ ತಕ್ಕ ಕನೆಕ್ಟರ್, ಬಾಕ್ಸ್ ಯಾವುದು?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವಾಂಶವನ್ನು ಅಳೆದು ವೈಫೈ ಮೂಲಕ ಮನೆಗೆ ತಿಳಿಸುವ ಸಣ್ಣ ಉಪಕರಣವೊಂದನ್ನು ನಾನೇ ಜೋಡಿಸಿ ಇರಿಸಿದ್ದೇನೆ. ಬಾಕ್ಸ್ ಮೇಲೆ ಐಪಿ65 ಎಂದು ಮುದ್ರಿಸಿದ್ದರೂ ಆಷಾಢ ಮುಗಿಯುವಷ್ಟರಲ್ಲಿ ಒಳಗೆ ನೀರಿನ ಹನಿ ಕಟ್ಟಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹೆಚ್ಚು ಬೆಲೆಯ ಐಪಿ68 ಬಾಕ್ಸ್ ಕೊಳ್ಳಬೇಕೇ? ಕನೆಕ್ಟರ್ ಯಾವುದಿರಬೇಕು?

ಉತ್ತರ: ಐಪಿ68 ಬಾಕ್ಸ್ ನಿಮಗೆ ಬೇಕಿಲ್ಲ. ಆ ಹಣವನ್ನು ಕೇಬಲ್ ಬಾಕ್ಸಿನೊಳಗೆ ಹೋಗುವ ಜಾಗಕ್ಕೆ ಖರ್ಚು ಮಾಡಿರಿ.

ಐಪಿ ಸಂಖ್ಯೆಯ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 5 ಎಂದರೆ ಎಲ್ಲ ದಿಕ್ಕಿನಿಂದ ಚಿಮ್ಮಿಸಿದ ನೀರನ್ನು ತಡೆಯುತ್ತದೆ. 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ತಾಳುತ್ತದೆ. 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಹೇಳಿದ ಆಳ ಮತ್ತು ಅವಧಿ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಲ್ಲಿಯೂ ಕಂಬಕ್ಕೆ ಕಟ್ಟಿದ ಬಾಕ್ಸ್ ಮುಳುಗುವುದಿಲ್ಲ. ಆದರೆ ಈ ಪರೀಕ್ಷೆ ನಡೆಯುವುದು ಕಾರ್ಖಾನೆಯಿಂದ ಬಂದ ಬಾಕ್ಸಿಗೆ. ನೀವು ಅದಕ್ಕೆ ಡ್ರಿಲ್ ಹಾಕಿದ ಕ್ಷಣದಿಂದ ಆ ಸಂಖ್ಯೆಯನ್ನು ಉಳಿಸಿಕೊಳ್ಳುವ ಹೊಣೆ ನಿಮ್ಮದು.

ತೂತಿಗೆ ಕೇಬಲ್ ಗ್ಲ್ಯಾಂಡ್ (ಕೇಬಲನ್ನು ರಬ್ಬರ್ ಬಳೆಯಿಂದ ಸುತ್ತ ಬಿಗಿಹಿಡಿಯುವ ತಿರುಪು ಬಿರಡೆ) ಹಾಕಲೇಬೇಕು, ಅದು ಕೇಬಲಿನ ದಪ್ಪಕ್ಕೆ ಸರಿಹೊಂದಲೇಬೇಕು. ಪಿಜಿ7 ಎಂಬ ಅಳತೆಯ ಗ್ಲ್ಯಾಂಡ್ ಸುಮಾರು 3ರಿಂದ 6.5 ಮಿ.ಮೀ., ಪಿಜಿ9 ಸುಮಾರು 4ರಿಂದ 8 ಮಿ.ಮೀ. ದಪ್ಪದ ದುಂಡನೆಯ ಕೇಬಲನ್ನು ಹಿಡಿಯುತ್ತದೆ. ಚಪ್ಪಟೆ ಕೇಬಲ್ ಅಥವಾ ಎರಡು ಮೂರು ಬಿಡಿ ವೈರುಗಳನ್ನು ಒಂದೇ ಗ್ಲ್ಯಾಂಡಿನಲ್ಲಿ ತುರುಕಿದರೆ ರಬ್ಬರಿನ ಬದಿಯಲ್ಲಿ ಸಂದು ಉಳಿದೇ ಉಳಿಯುತ್ತದೆ. ಗ್ಲ್ಯಾಂಡ್ ಬಾಕ್ಸಿನ ಕೆಳಮುಖದಲ್ಲಿರಲಿ, ಕೇಬಲ್ ಒಮ್ಮೆ ಕೆಳಕ್ಕೆ ಇಳಿಬಿದ್ದು ಆಮೇಲೆ ಮೇಲೇರಿ ಒಳಹೋಗಲಿ. ಆಗ ಕೇಬಲಿನ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇಷ್ಟು ಮಾಡಿದರೂ ಒಳಗೆ ಹನಿ ಕಟ್ಟಬಹುದು. ಬಿಸಿಲು ಬಿದ್ದಾಗ ಬಾಕ್ಸಿನೊಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ಹಠಾತ್ತನೆ ಮಳೆ ಸುರಿದು ತಣ್ಣಗಾದಾಗ ಒಳಗಿನ ಒತ್ತಡ ಇಳಿದು, ಸಿಕ್ಕ ಸಣ್ಣ ಸಂದಿನಿಂದ, ಕೆಲವೊಮ್ಮೆ ವೈರಿನ ಎಳೆಗಳ ನಡುವಿನಿಂದಲೂ, ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಜಡಿಮಳೆ ಹಿಡಿಯುವ ನಮ್ಮ ಕಡೆ ನಿಜವಾದ ಶತ್ರು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯುಳ್ಳ ವೆಂಟ್ ಪ್ಲಗ್ ಒಂದನ್ನು ಕೆಳಭಾಗದಲ್ಲಿ ಕೂರಿಸಿದರೆ ಒತ್ತಡ ಸಮವಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ತುಸು ನೆರವಾಗುತ್ತದೆಯಾದರೂ ಅದು ಬೇಗ ತೇವ ಹೀರಿ ತುಂಬಿಹೋಗುವುದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ. ಸರ್ಕ್ಯೂಟ್ ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಬಳಿಯಿರಿ. ಬಳಿಯುವಾಗ ಕನೆಕ್ಟರಿನ ಪಿನ್ನುಗಳನ್ನು ಟೇಪಿನಿಂದ ಮುಚ್ಚಿರಬೇಕು.

ಇನ್ನು ಕನೆಕ್ಟರ್. ಬಾಕ್ಸಿನ ಹೊರಗೆ ಕನೆಕ್ಟರೇ ಇಲ್ಲದಂತೆ ಮಾಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ: ಕೇಬಲನ್ನು ಗ್ಲ್ಯಾಂಡಿನ ಮೂಲಕ ನೇರವಾಗಿ ಒಳಕ್ಕೆ ತಂದು ಟರ್ಮಿನಲ್ಲಿಗೆ ಬಿಗಿಯಿರಿ. ಎಳೆವೈರಿನ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಟರ್ಮಿನಲ್ಲಿಗೆ ಬಿಗಿಯುವ ರೂಢಿ ಹಲವರಲ್ಲಿದೆ. ಬೆಸುಗೆಯ ಲೋಹ ಒತ್ತಡದಡಿ ನಿಧಾನವಾಗಿ ಜರುಗುವುದರಿಂದ ಜೋಡಣೆ ದಿನಕಳೆದಂತೆ ಸಡಿಲವಾಗುತ್ತದೆ. ಅದರ ಬದಲು ಫೆರೂಲ್ (ವೈರಿನ ತುದಿಗೆ ತೊಡಿಸುವ ಸಣ್ಣ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡಿರಿ, ಅಂದರೆ ಇಕ್ಕುಳದಿಂದ ಒತ್ತಿ ಬಿಗಿಯಿರಿ. ಸೆನ್ಸರನ್ನು ಕಳಚಲೇಬೇಕಾದರೆ ತಿರುಪಿ ಬಿಗಿಯುವ ದುಂಡನೆಯ ಎಂ12 ಕನೆಕ್ಟರ್ ಉತ್ತಮ. ಅದರ ಐಪಿ67 ಗುಣ ಎರಡೂ ಭಾಗ ಪೂರ್ತಿ ಬಿಗಿದಾಗ ಮಾತ್ರ ಸತ್ಯ. ಬಿಚ್ಚಿಟ್ಟ ತುದಿಗೆ ಮುಚ್ಚಳ ಬೇಕು. ವಾಹನಗಳ ವೈರಿಂಗ್ ಅಂಗಡಿಗಳಲ್ಲಿ ಸಿಗುವ, ಪ್ರತಿ ವೈರಿಗೂ ರಬ್ಬರ್ ಸೀಲ್ ಇರುವ ವಾಟರ್‌ಪ್ರೂಫ್ ಕಪ್ಲರುಗಳೂ ಕಡಿಮೆ ಖರ್ಚಿನಲ್ಲಿ ಈ ಕೆಲಸಕ್ಕೆ ಒದಗುತ್ತವೆ. ತುದಿಯಲ್ಲಿ ಪಿನ್ ಅಥವಾ ಸಾಕೆಟ್ ಇರುವ, ಸುಮ್ಮನೆ ಸಿಕ್ಕಿಸುವ ಡ್ಯೂಪಾಂಟ್ ಜಂಪರ್ ವೈರುಗಳು ಮೇಜಿನ ಮೇಲಿನ ಪ್ರಯೋಗಕ್ಕಷ್ಟೇ ಯೋಗ್ಯ. ಚಿನ್ನದ ಲೇಪದ ಪಿನ್ನಿಗೆ ಚಿನ್ನದ ಲೇಪದ ಸಾಕೆಟ್, ತವರದ್ದಕ್ಕೆ ತವರದ್ದು ಎಂಬ ನಿಯಮವನ್ನು ತಪ್ಪಬೇಡಿ. ಎರಡನ್ನು ಬೆರೆಸಿದರೆ ತೇವದಲ್ಲಿ ತವರ ಬೇಗ ಕೆಡುತ್ತದೆ. ಸೆನ್ಸರಿನಂಥ ಅತಿ ಸಣ್ಣ ವಿದ್ಯುತ್ತಿನ ಜೋಡಣೆಗೆ ಚಿನ್ನದ ಲೇಪವೇ ವಾಸಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನ ಬಾಕ್ಸಿಗೆ ಪ್ಲಾಸ್ಟಿಕ್ ಹೊದಿಸಿರಿ. ಅದರಲ್ಲಿರುವ ತಾಮ್ರದ ಅಂಶ ಸತು ಲೇಪದ ಸ್ಕ್ರೂಗಳ ಮೇಲೆ ಕೂತರೆ ಅವು ಬಹುಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನೇ ಬಳಸುವುದು ಲೇಸು.

ಬಾಕ್ಸ್ ಪಾಲಿಕಾರ್ಬೊನೇಟಿನದಾಗಿರಲಿ, ಸಾಮಾನ್ಯ ಎಬಿಎಸ್ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ, ಲೋಹದ್ದು ವೈಫೈ ಸಂಕೇತವನ್ನು ತಡೆಯುತ್ತದೆ. ಸಂದು ಮುಚ್ಚಲು ಸಿಲಿಕೋನ್ ಬಳಸುವುದಾದರೆ ವಿನೆಗರ್ ವಾಸನೆ ಬರುವ ಬಗೆಯನ್ನು ಕೊಳ್ಳಬೇಡಿ, ಏಕೆಂದರೆ ಅದು ಒಣಗುವಾಗ ಹೊರಬಿಡುವ ಅಸಿಟಿಕ್ ಆಮ್ಲ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಡಬ್ಬಿಯ ಮೇಲೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ.