1955ರಲ್ಲಿ ಹೈಕೋರ್ಟು ನಮ್ಮ ಅಜ್ಜನ ಸಾಕ್ಷಿಗಳನ್ನು ಯಾಕೆ ನೋಡಲಿಲ್ಲ?

ನಿಮ್ಮ ಪ್ರಶ್ನೆ ಓದಿದೆ. ನನಗೆ ಅರ್ಥವಾಗಿದ್ದು ಇಷ್ಟು. ನಿಮ್ಮ ಅಜ್ಜ ಧಾರವಾಡ ಜಿಲ್ಲೆಯಲ್ಲಿ ನಾಲ್ಕು ಎಕರೆ ಹೊಲಕ್ಕಾಗಿ 1951ರಲ್ಲಿ ದಾವೆ ಹಾಕಿದ್ದರು. ಖರೀದಿ ಪತ್ರದ ಮೇಲಿನ ಹೆಬ್ಬೆಟ್ಟು ತಮ್ಮ ತಂದೆಯದ್ದಲ್ಲ ಅನ್ನುವುದು ಅವರ ವಾದ. ಕೆಳ ಕೋರ್ಟು ಅವರ ಮೂವರು ಸಾಕ್ಷಿಗಳನ್ನು ನಂಬಿತು, ಗೆದ್ದರು. ಜಿಲ್ಲಾ ಕೋರ್ಟು ನಂಬಲಿಲ್ಲ, ಸೋತರು. 1955ರಲ್ಲಿ ಬಾಂಬೆ ಹೈಕೋರ್ಟು ಒಂದೂವರೆ ಪುಟದಲ್ಲಿ ಅಪೀಲು ವಜಾ ಮಾಡಿತು. ಸಾಕ್ಷಿಗಳ ಮಾತೇ ಅದರಲ್ಲಿಲ್ಲ. ಅಂದಮೇಲೆ ಹಣ ಕೆಲಸ ಮಾಡಿರಬೇಕು ಅಂತ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ, ಇದು ನಿಜವಾ ಅಂತ ಕೇಳಿದ್ದೀರಿ.

ನಾನು ಮೂವತ್ತು ವರ್ಷದಿಂದ ಸಿವಿಲ್ ಕೇಸುಗಳನ್ನೇ ನಡೆಸಿಕೊಂಡು ಬಂದ ವಕೀಲ. ಇಂಥ ಕಥೆ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹಣದ ವಿಷಯ ನನಗೇನು ಗೊತ್ತು? ಆದರೆ ಒಂದೂವರೆ ಪುಟದ ತೀರ್ಪಿಗೆ ಲಂಚ ಬೇಕಾಗಿರಲಿಲ್ಲ. ಅದು ಆ ಕಾಲದ ಮಾಮೂಲಿ. ನಿಮ್ಮ ಅಜ್ಜನ ಕೇಸು ಮುಗಿದದ್ದು ಮುಂಬಯಿಯಲ್ಲಲ್ಲ. ಅದು ಧಾರವಾಡದ ಜಿಲ್ಲಾ ಕೋರ್ಟಿನಲ್ಲೇ ಮುಗಿದಿತ್ತು.

ಕೋರ್ಟಿಗೆ ಹೋಗದವರು ಸಾಮಾನ್ಯವಾಗಿ ಅಂದುಕೊಳ್ಳುವುದು ಹೀಗೆ: ಮೇಲೆ ಹೋದಷ್ಟೂ ದೊಡ್ಡ ಜಡ್ಜ್, ದೊಡ್ಡ ಜಡ್ಜ್ ಎಲ್ಲವನ್ನೂ ಮೊದಲಿಂದ ನೋಡುತ್ತಾರೆ. ಇರುವುದು ಇದಕ್ಕೆ ಪೂರ್ತಿ ಉಲ್ಟಾ. ಮೇಲೆ ಹೋದಷ್ಟೂ ಕಿಟಕಿ ಸಣ್ಣದಾಗುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ತೆಗೆದುಕೊಳ್ಳಿ. ಕೆಳ ಕೋರ್ಟಿನ ಡಿಕ್ರಿ, ಅಂದರೆ ದಾವೆಯ ತೀರ್ಮಾನದ ಆದೇಶ, ಅದರ ಮೇಲೆ ಮೊದಲ ಅಪೀಲು 96ನೇ ಕಲಮಿನಲ್ಲಿ. ಅಲ್ಲಿ ಎಲ್ಲವೂ ತೆರೆದಿರುತ್ತದೆ. ಜಿಲ್ಲಾ ಜಡ್ಜ್ ಸಾಕ್ಷಿಗಳ ಹೇಳಿಕೆಯನ್ನು ಪೂರ್ತಿ ಓದಬಹುದು, ದಸ್ತಾವೇಜು ನೋಡಬಹುದು, ಯಾರನ್ನು ನಂಬಬೇಕು ಅಂತ ಹೊಸದಾಗಿ ತೀರ್ಮಾನ ಮಾಡಬಹುದು. ಅದಾದ ಮೇಲೆ ಹೈಕೋರ್ಟಿಗೆ ಹೋಗುವುದು ಎರಡನೇ ಅಪೀಲು, 100ನೇ ಕಲಮು. ಆ ಕಾಲದ ಕಲಮಿನಲ್ಲಿ ಮೂರೇ ಕಾರಣ ಇದ್ದವು. ತೀರ್ಪು ಕಾನೂನಿಗೋ ಕಾನೂನಿನಷ್ಟೇ ಬಲ ಇರುವ ರೂಢಿಗೋ ವಿರುದ್ಧ ಇರಬೇಕು. ಇಲ್ಲ, ಕಾನೂನಿನ ಒಂದು ಮುಖ್ಯ ಪ್ರಶ್ನೆಯನ್ನು ತೀರ್ಮಾನ ಮಾಡದೇ ಬಿಟ್ಟಿರಬೇಕು. ಇಲ್ಲ, ವಿಚಾರಣೆ ನಡೆಸಿದ ಕ್ರಮದಲ್ಲೇ ದೊಡ್ಡ ದೋಷ ಇರಬೇಕು. 'ಜಡ್ಜ್ ತಪ್ಪು ಸಾಕ್ಷಿಯನ್ನು ನಂಬಿದರು' ಅನ್ನುವುದು ಈ ಮೂರರಲ್ಲಿ ಯಾವುದಕ್ಕೂ ಬರುವುದಿಲ್ಲ. ಹೆಬ್ಬೆಟ್ಟು ಯಾರದ್ದು ಅನ್ನುವುದು ನಡೆದ ಸಂಗತಿಯ ಪ್ರಶ್ನೆ, ಕಾನೂನಿನ ಪ್ರಶ್ನೆ ಅಲ್ಲ.

ಇಲ್ಲಿ ನಿಮ್ಮ ಮನೆಯವರಿಗೆ ಒಂದು ಲೆಕ್ಕ ಸಿಟ್ಟು ತರಿಸುತ್ತದೆ, ನನಗೆ ಗೊತ್ತು. ಒಂದು ಕೋರ್ಟು ನಮ್ಮ ಕಡೆ, ಒಂದು ಕೋರ್ಟು ಅವರ ಕಡೆ. ಒಂದಕ್ಕೊಂದು ಸಮ. ಹಾಗಿದ್ದರೆ ಮೂರನೆಯವರು ಕೂತು ತೀರ್ಮಾನ ಮಾಡಬೇಕಲ್ವಾ? ಆದರೆ ಕಾನೂನಿನ ಲೆಕ್ಕದಲ್ಲಿ ಅದು ಸಮ ಅಲ್ಲ. ಜಿಲ್ಲಾ ಜಡ್ಜ್ ಅಪೀಲು ತೀರ್ಮಾನ ಮಾಡಿದ ದಿನವೇ ಕೆಳ ಕೋರ್ಟಿನ ನಂಬಿಕೆ ಅಳಿಸಿಹೋಯಿತು. ಸಂಗತಿಯ ಬಗ್ಗೆ ಕೊನೆಯ ಮಾತು ಜಿಲ್ಲಾ ಕೋರ್ಟಿನದ್ದು.

ಈ ಮಾತು ಹೊಸದೂ ಅಲ್ಲ. 1890ರಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳ ಕೊನೆಯ ಅಪೀಲು ಕೋರ್ಟು, ದುರ್ಗಾ ಚೌಧರಾಣಿ ಕೇಸಿನಲ್ಲಿ ಹೇಳಿತ್ತು: ಸಂಗತಿಯ ತೀರ್ಮಾನ ಎಷ್ಟೇ ದೊಡ್ಡ ತಪ್ಪಾಗಿ ಕಂಡರೂ, ಕ್ಷಮಿಸಲಾಗದ ತಪ್ಪಾಗಿ ಕಂಡರೂ, ಎರಡನೇ ಅಪೀಲಿನಲ್ಲಿ ಅದನ್ನು ಮುಟ್ಟುವ ಅಧಿಕಾರ ಇಲ್ಲ. ಎಷ್ಟು ಒರಟು ಮಾತು ನೋಡಿ. ತಪ್ಪೇ ಆಗಿರಲಿ, ಬಿಡಿ ಅಂದ ಹಾಗೆ. ಪ್ರಿವಿ ಕೌನ್ಸಿಲಿನ ಅಧಿಕಾರ 1949ರ ಅಕ್ಟೋಬರ್‌ನಲ್ಲಿ ಮುಗಿಯಿತು, 1950ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬಂತು. ಈ ಸೂತ್ರ ಮಾತ್ರ ಹಾಗೇ ಮುಂದುವರಿಯಿತು.

ಆದರೂ ಹೈಕೋರ್ಟಿನ ಕೆಲವು ಜಡ್ಜ್‌ಗಳಿಗೆ ಮನಸ್ಸು ತಡೆಯುತ್ತಿರಲಿಲ್ಲ. ಕಣ್ಣೆದುರು ಅನ್ಯಾಯ ಕಂಡರೆ ಕೈ ಹಾಕುತ್ತಿದ್ದರು. ಇದರ ಮೇಲೆ 1959ರಲ್ಲಿ ವರದಿಯಾದ ಒಂದು ಕೇಸಿದೆ, ಪಟ್ಟಾಭಿರಾಮಸ್ವಾಮಿ ಕೇಸು. ಅದರಲ್ಲಿ ದೇವರೇ ಕಕ್ಷಿದಾರ. ತೀರ್ಪು ಬರೆದವರು ಸುಪ್ರೀಂ ಕೋರ್ಟಿನ ಜಡ್ಜ್ ಕೆ. ಸುಬ್ಬರಾವ್. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಕೆಲವು ಹೈಕೋರ್ಟು ಜಡ್ಜ್‌ಗಳು ಎರಡನೇ ಅಪೀಲನ್ನು ಮೊದಲ ಅಪೀಲಿನ ಹಾಗೆ ನಡೆಸುತ್ತಿದ್ದಾರೆ, ಇದರಿಂದ ವ್ಯಾಜ್ಯ ಅನ್ನುವುದು ಜೂಜಾಗಿಬಿಡುತ್ತದೆ ಅನ್ನುವ ಅರ್ಥದಲ್ಲಿ ಅವರು ಬೇಸರ ತೋಡಿಕೊಂಡರು. ಆ ಜೂಜಿನ ಮಾತು ನನಗೆ ತುಂಬಾ ಸರಿ ಅನ್ನಿಸುತ್ತದೆ. ಯಾವ ಜಡ್ಜ್ ಮುಂದೆ ಕೇಸು ಬಿತ್ತು ಅನ್ನುವುದರ ಮೇಲೆ ಹೊಲ ಉಳಿಯುವುದೋ ಹೋಗುವುದೋ ನಿರ್ಧಾರವಾದರೆ ಅದಕ್ಕೆ ಬೇರೆ ಏನಂತ ಹೆಸರಿಡುವುದು? ನಿಮ್ಮ ಅಜ್ಜನ ಎದುರಾಳಿಯ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಿ.

1963ರಲ್ಲಿ ವರದಿಯಾದ ರಾಮಚಂದ್ರ ಅಯ್ಯರ್ ಕೇಸಿನಲ್ಲಿ ಇದನ್ನೇ ಮತ್ತೆ ಬಿಡಿಸಿ ಹೇಳಿದವರು ಸುಪ್ರೀಂ ಕೋರ್ಟಿನ ಇನ್ನೊಬ್ಬ ಜಡ್ಜ್ ಪಿ.ಬಿ. ಗಜೇಂದ್ರಗಡ್ಕರ್. ಅವರ ಮನೆತನದ ಮೂಲ ನಮ್ಮ ಗಜೇಂದ್ರಗಡ, ಓದಿದ್ದು ಸ್ವಲ್ಪ ಕಾಲ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ನಿಮ್ಮ ಅಜ್ಜನ ಅಪೀಲು ಮುಂಬಯಿಗೆ ಹೋದಾಗ ಅವರು ಅದೇ ಹೈಕೋರ್ಟಿನಲ್ಲಿ ಜಡ್ಜ್ ಆಗಿದ್ದರು. ಇದು ಸುಮ್ನೆ ಹೇಳಿದ್ದು, ನಿಮ್ಮ ಕೇಸಿಗೂ ಅವರಿಗೂ ಸಂಬಂಧ ಇದೆ ಅಂತಲ್ಲ.

ಹಾಗಾದರೆ ಹೈಕೋರ್ಟು ಯಾವಾಗ ಒಳಗೆ ಬರುತ್ತಿತ್ತು? ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ಕಡೆಯವರಿಗೆ ಬೇಗ ಹಿಡಿಯುತ್ತದೆ. ಮುದ್ದತ್ ಖರೀದಿ ಕೇಳಿರುತ್ತೀರಿ. ಸಾಲ ಬೇಕಾದವನು ಹೊಲವನ್ನು ಮಾರಿದ ಹಾಗೆ ಬರೆದುಕೊಡುತ್ತಾನೆ, ಇಂತಿಷ್ಟು ವರ್ಷದೊಳಗೆ ದುಡ್ಡು ಕೊಟ್ಟರೆ ಹೊಲ ವಾಪಸ್ ಅಂತ ಶರತ್ತು. ಇದು ನಿಜವಾದ ಮಾರಾಟವೋ, ಮಾರಾಟದ ವೇಷ ಹಾಕಿದ ಅಡಮಾನವೋ? ಅಡಮಾನ ಅಂತಾದರೆ ಗಡುವು ಮೀರಿದ ಮೇಲೂ ಬಿಡಿಸಿಕೊಳ್ಳುವ ಹಕ್ಕು ಉಳಿಯುತ್ತದೆ. ಮಾರಾಟ ಅಂತಾದರೆ ಗಡುವಿನ ಮಾರನೇ ದಿನ ಹೊಲ ಹೋಯಿತು. 1954ರಲ್ಲಿ ಬಿಹಾರದಿಂದ ಬಂದ ಚುಂಚುನ್ ಝಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಒಂದು ಪತ್ರವನ್ನು ಮುಂದಿಟ್ಟುಕೊಂಡು, ಅದರ ಮಾತುಗಳನ್ನು ಒಂದೊಂದಾಗಿ ಓದಿ, ಇದು ಅಡಮಾನ ಅಂತ ಹೇಳಿತು. ಪತ್ರಕ್ಕೆ ಏನರ್ಥ ಅನ್ನುವುದು ಕಾನೂನಿನ ಪ್ರಶ್ನೆ. ಅದಕ್ಕೆ ಸಾಕ್ಷಿ ಬೇಡ, ಪತ್ರ ಸಾಕು. ಎಲ್ಲ ಕೋರ್ಟಿಗೂ ಅದೇ ಅಕ್ಷರ ಕಾಣುತ್ತದೆ. ಆದರೆ ಆ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿದ್ದು ಯಾರು ಅಂತ ಕೇಳಿದ ತಕ್ಷಣ ಬಾಗಿಲು ಮುಚ್ಚಿತು. ನಿಮ್ಮ ಅಜ್ಜ ಆ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು.

ಸಾಕ್ಷಿಯನ್ನು ಯಾಕೆ ಇಷ್ಟು ಕೆಳಗೇ ಬಿಟ್ಟುಬಿಡುತ್ತಾರೆ ಅನ್ನುವುದಕ್ಕೆ ಒಂದು ಕಾರಣ ನಾನೇ ಕಣ್ಣಾರೆ ನೋಡಿದ್ದೇನೆ. ನಾನು ಕೆಲಸ ಕಲಿತ ಹಿರಿಯ ವಕೀಲರ ಆಫೀಸಿನಲ್ಲಿ ಐವತ್ತರ ದಶಕದ ಕಟ್ಟುಗಳಿದ್ದವು. ಕೆಂಪು ದಾರ, ಇಲಿ ತಿಂದ ಅಂಚು. ಒಂದು ಹೇಳಿಕೆಯ ಕೆಳಗೆ ಜಡ್ಜ್ ಒಂದು ಸಾಲು ಬರೆದಿದ್ದರು: ಈ ಪ್ರಶ್ನೆಗೆ ಸಾಕ್ಷಿ ಬಹಳ ಹೊತ್ತು ಸುಮ್ಮನಿದ್ದು, ವಾದಿಯ ಮುಖ ನೋಡಿ, ಆಮೇಲೆ ಉತ್ತರ ಕೊಟ್ಟ. ಹೀಗೆ ಟಿಪ್ಪಣಿ ಬರೆದಿಡಲು ಜಡ್ಜ್‌ಗೆ ಸಂಹಿತೆಯಲ್ಲೇ ಅಧಿಕಾರ ಇದೆ. ಪಾಟೀಸವಾಲಿನ ಆ ಮೌನ ಮೇಲಿನ ಕೋರ್ಟಿಗೆ ಹೋಗುವ ಕಾಗದದಲ್ಲಿ ಬೇರೆ ಹೇಗೂ ಬರುವುದಿಲ್ಲ. ಅಲ್ಲಿ ಬರೀ 'ಹೌದು' ಅಂತ ಇರುತ್ತದೆ.

ಇದನ್ನೇ ತಿರುಗಿಸಿ ನೀವು ನನ್ನನ್ನು ಕೇಳಬಹುದು. ಮುಖ ನೋಡಿದ್ದು ಕೆಳ ಕೋರ್ಟಿನ ಜಡ್ಜ್ ಅಲ್ವಾ? ಜಿಲ್ಲಾ ಜಡ್ಜ್ ಕೂಡ ಕಾಗದವನ್ನೇ ಓದಿದ್ದು! ಹೌದು. ಈ ವ್ಯವಸ್ಥೆಯಲ್ಲಿ ನನಗೆ ಇವತ್ತಿಗೂ ಚುಚ್ಚುವುದು ಇದೇ ಜಾಗ. ಸಾಕ್ಷಿಯ ಮುಖ ನೋಡಿದವರ ಅಭಿಪ್ರಾಯವನ್ನು ಸುಲಭವಾಗಿ ತಳ್ಳಿಹಾಕಬಾರದು, ಅವರ ಕಣ್ಣು ತಪ್ಪಿದ ವಿಶೇಷವೇನಾದರೂ ಇದ್ದರೆ ಮಾತ್ರ ಕೈ ಹಾಕಬೇಕು ಅಂತ 1951ರಲ್ಲಿ ವರದಿಯಾದ ಸರ್ಜು ಪರ್ಷಾದ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆದರೆ ಅದು ಪಾಲಿಸಬೇಕಾದ ಪದ್ಧತಿ, ಕಟ್ಟಿಹಾಕುವ ಕಾನೂನಲ್ಲ. ಜಿಲ್ಲಾ ಜಡ್ಜ್ ಅದನ್ನು ಹಗುರವಾಗಿ ತೆಗೆದುಕೊಂಡರೆ ಸರಿಮಾಡುವವರು ಮೇಲೆ ಕಡಿಮೆ.

ಒಂದೂವರೆ ಪುಟದ ವಿಷಯ. ಎರಡನೇ ಅಪೀಲು ಮೊದಲು ದಾಖಲಾತಿ ವಿಚಾರಣೆಗೆ, ಅಂದರೆ ಅಪೀಲನ್ನು ಸ್ವೀಕರಿಸಬೇಕೋ ಬೇಡವೋ ಅನ್ನುವ ವಿಚಾರಣೆಗೆ ಬರುತ್ತಿತ್ತು. ಎದುರಾಳಿಗೆ ನೋಟಿಸು ಕೂಡ ಕಳಿಸದೆ, ನಿಮ್ಮ ವಕೀಲರ ಮಾತಷ್ಟೇ ಕೇಳಿ, ಕಾನೂನಿನ ಪ್ರಶ್ನೆ ಕಾಣದಿದ್ದರೆ ಅಲ್ಲೇ ವಜಾ ಮಾಡಬಹುದಿತ್ತು. ಸಂಹಿತೆಯ 41ನೇ ಆದೇಶದ 11ನೇ ನಿಯಮ. ಹೀಗೆ ಹೋದ ಅಪೀಲುಗಳಲ್ಲಿ ಒಂದೇ ಸಾಲಿನ ಆದೇಶವೂ ಇರುತ್ತಿತ್ತು. ಆ ಲೆಕ್ಕದಲ್ಲಿ ನಿಮ್ಮ ಅಜ್ಜನಿಗೆ ಜಾಸ್ತಿಯೇ ಸಿಕ್ಕಿದೆ.

ಸುಪ್ರೀಂ ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತಲೂ ಕೇಳಿದ್ದೀರಿ. ಆಗ ಸಂವಿಧಾನದ 133ನೇ ವಿಧಿಯಲ್ಲಿ ಸಿವಿಲ್ ಕೇಸಿಗೆ 20,000 ರೂಪಾಯಿಯ ಗೆರೆ ಇತ್ತು. ಅಷ್ಟು ಬೆಲೆಯ ಆಸ್ತಿ ಇಲ್ಲದಿದ್ದರೆ, ಇದು ಸುಪ್ರೀಂ ಕೋರ್ಟಿಗೆ ಯೋಗ್ಯ ಕೇಸು ಅಂತ ಹೈಕೋರ್ಟೇ ಸರ್ಟಿಫಿಕೇಟ್ ಕೊಡಬೇಕಿತ್ತು. 1955ರಲ್ಲಿ ನಾಲ್ಕು ಎಕರೆ ಒಣ ಹೊಲಕ್ಕೆ 20,000 ಎಲ್ಲಿಂದ ಬರಬೇಕು? 136ನೇ ವಿಧಿಯಲ್ಲಿ ವಿಶೇಷ ಅನುಮತಿ ಕೇಳಬಹುದಿತ್ತು, ಆದರೆ ಅದನ್ನು ಅಪರೂಪಕ್ಕೆ ಮಾತ್ರ ಕೊಡುತ್ತೇವೆ ಅಂತ ಸುಪ್ರೀಂ ಕೋರ್ಟು 1950ರಲ್ಲೇ ಪ್ರೀತಮ್ ಸಿಂಗ್ ಕೇಸಿನಲ್ಲಿ ಹೇಳಿಬಿಟ್ಟಿತ್ತು. 227ನೇ ವಿಧಿಯಲ್ಲಿ ಹೈಕೋರ್ಟಿಗೆ ಇರುವ ಮೇಲ್ವಿಚಾರಣೆ ಅಧಿಕಾರವೂ ಹಾಗೇ. ಕೆಳ ಕೋರ್ಟು ತನ್ನ ಗಡಿ ದಾಟದಂತೆ ನೋಡಿಕೊಳ್ಳಲು ಅದು ಇರುವುದು, ಬರೀ ತಪ್ಪು ತಿದ್ದಲು ಅಲ್ಲ. ಇದು 1954ರ ವರ್ಯಾಮ್ ಸಿಂಗ್ ಕೇಸಿನ ಮಾತು.

ಕಾಮೆಂಟಿನಲ್ಲಿ ಒಬ್ಬರು ನಾನಾವತಿ ಕೇಸನ್ನು, ಅಂದರೆ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿಯ ಕೇಸನ್ನು ಎತ್ತಿದ್ದಾರೆ. ಅದರಲ್ಲಿ ಇದೇ ಬಾಂಬೆ ಹೈಕೋರ್ಟು ಎಲ್ಲ ಸಾಕ್ಷಿ ನೋಡಿತಲ್ಲ ಅಂತ. ನೋಡಿತು, ಆದರೆ ಅದರ ದಾರಿಯೇ ಬೇರೆ. ಅದು ಕ್ರಿಮಿನಲ್ ಕೇಸು. 1959ರಲ್ಲಿ ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಒಂಬತ್ತು ಜನರಲ್ಲಿ ಎಂಟು ಮಂದಿ ನಿರಪರಾಧಿ ಅಂದರು. ಸೆಷನ್ಸ್ ಜಡ್ಜ್‌ಗೆ ಅದು ಒಪ್ಪಿಗೆಯಾಗಲಿಲ್ಲ. 1898ರ ಕ್ರಿಮಿನಲ್ ಸಂಹಿತೆಯ 307ನೇ ಕಲಮಿನಲ್ಲಿ ಅವರೇ ಕೇಸನ್ನು ಹೈಕೋರ್ಟಿಗೆ ಕಳಿಸಿದರು. ಹಾಗೆ ಕಳಿಸಿದಾಗ ಇಡೀ ಸಾಕ್ಷ್ಯ ಹೈಕೋರ್ಟಿನ ಮುಂದೆ ತೆರೆದುಕೊಳ್ಳುತ್ತಿತ್ತು. 1960ರಲ್ಲಿ ಜೀವಾವಧಿ ಶಿಕ್ಷೆ ಆಯಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದರ ತೀರ್ಪು ಬರೆದವರೂ ಇದೇ ಸುಬ್ಬರಾವ್. ಹೊಲದ ದಾವೆಗೆ ಆ ದಾರಿ ಇಲ್ಲ.

ಇನ್ನು ನೀವು ಮಾಡಬಹುದಾದ ಕೆಲಸ. ಹೊಲ ವಾಪಸ್ ಬರುವುದಿಲ್ಲ, ಅದನ್ನು ಬಿಡಿ. ಆದರೆ ಅಜ್ಜನಿಗೆ ಅನ್ಯಾಯ ಆಯಿತಾ ಅಂತ ತಿಳಿಯಬೇಕಿದ್ದರೆ ಹೈಕೋರ್ಟಿನ ಕಾಗದವನ್ನು ಪಕ್ಕಕ್ಕಿಟ್ಟು, ಧಾರವಾಡದ ಜಿಲ್ಲಾ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಅಪೀಲು ತೀರ್ಪಿನ ನಕಲಿಗೆ ಅರ್ಜಿ ಹಾಕಿ. ಅಪೀಲಿನ ನಂಬರು ಮತ್ತು ವರ್ಷ ಹೈಕೋರ್ಟಿನ ಆದೇಶದ ಮೊದಲ ಪುಟದಲ್ಲೇ ಇರಬೇಕು. ಕಟ್ಟು ಉಳಿದಿದೆಯೋ ಇಲ್ಲವೋ, ಹೋಗಿಯೇ ನೋಡಬೇಕು. ನಕಲು ಸಿಕ್ಕರೆ ಮೂರು ವಿಷಯ ಹುಡುಕಿ. ನಿಮ್ಮ ಮೂವರು ಸಾಕ್ಷಿಗಳ ಹೆಸರು ಎತ್ತಿ, ಒಬ್ಬೊಬ್ಬರನ್ನೂ ಯಾಕೆ ನಂಬಲಿಲ್ಲ ಅಂತ ಜಡ್ಜ್ ಬರೆದಿದ್ದಾರಾ? ಹೆಬ್ಬೆಟ್ಟು ತಂದೆಯದ್ದೇ ಅಂತ ತೋರಿಸುವ ಹೊಣೆ ಖರೀದಿ ಪತ್ರ ತೋರಿಸಿದವರ ಮೇಲೆ ಹಾಕಿದ್ದಾರಾ, ಅಥವಾ ಅಲ್ಲ ಅಂತ ತೋರಿಸು ಅಂತ ಅಜ್ಜನ ಮೇಲೆ ಹಾಕಿದ್ದಾರಾ? ಸಾಕ್ಷ್ಯವಾಗಿ ಒಪ್ಪಬಾರದ ಕಾಗದ ಯಾವುದನ್ನಾದರೂ ಆಧಾರ ಮಾಡಿಕೊಂಡಿದ್ದಾರಾ?

ಎರಡನೆಯದು ಮುಖ್ಯ. ರುಜುವಾತಿನ ಹೊಣೆಯನ್ನು ತಪ್ಪು ಕಡೆ ಹಾಕಿದ್ದರೆ ಅದು ಕಾನೂನಿನ ತಪ್ಪು. ಆಗ ಹೈಕೋರ್ಟು ಒಳಗೆ ಬರಬಹುದಿತ್ತು, ಮುಂಬಯಿಯ ವಕೀಲರು ಆ ಮಾತು ಎತ್ತಿದ್ದರೆ. ಎತ್ತಿದ್ದರಾ ಅನ್ನುವುದು ಅಪೀಲಿನ ಮನವಿಯಲ್ಲಿ, ಕಾರಣಗಳ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಮನೆಯ ಟ್ರಂಕಿನಲ್ಲಿ ಅದರ ಪ್ರತಿ ಇದ್ದರೂ ಇರಬಹುದು, ಹಳೆಯ ವಕೀಲರು ಕಕ್ಷಿದಾರರಿಗೆ ಒಂದು ಕಳಿಸುತ್ತಿದ್ದರು. ಸಿಕ್ಕರೆ ಹೆಸರುಗಳನ್ನು ಮುಚ್ಚಿ ಆ ಪುಟದ ಫೋಟೋ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.