ಹೊಸ ಅಪಾರ್ಟ್‌ಮೆಂಟ್‌ನಿಂದ ಆಗುವ ಟ್ರಾಫಿಕ್ ಪರಿಣಾಮ ಅಳೆಯಲು ಇಡೀ ನಗರದ ಸಾರಿಗೆ ಮಾಡೆಲ್ ಸಾಕಾ, ಬೇರೆ ಮಾಡೆಲ್ ಕಟ್ಟಬೇಕಾ?

ನಗರದ ಮಾಡೆಲ್ (ಯಾವ ರಸ್ತೆಯಲ್ಲಿ ಎಷ್ಟು ಗಾಡಿ ಓಡುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುವ ಲೆಕ್ಕ) ಕೈಗೆ ಸಿಕ್ಕಿದೆ, ಪ್ರಾಜೆಕ್ಟ್ ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ಓಡಿಸಿ ವ್ಯತ್ಯಾಸ ತೋರಿಸಿದರೆ ಆಯ್ತಲ್ಲ ಅಂತ ಕೇಳಿದ್ದೀರಿ. 2016ರಲ್ಲಿ ನಾನು ಮಾಡಿದ್ದು ಇದನ್ನೇ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ಸುಮಾರು 700 ಮೀಟರ್ ಒಳಗೆ 612 ಮನೆಗಳ ಅಪಾರ್ಟ್‌ಮೆಂಟ್ ಬರುವುದಿತ್ತು. 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ನಿರ್ಮಾಣ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ಆ ಅರ್ಜಿಯ ಜೊತೆ ಹೋಗಬೇಕಾದ ಟ್ರಾಫಿಕ್ ರಿಪೋರ್ಟ್ ನನ್ನ ಪಾಲಿಗೆ ಬಂತು. ಸಿಕ್ಕ ಸಮಯ ಹತ್ತು ದಿನ.

ಅಂಥದ್ದೇ ಮೂರು ಅಪಾರ್ಟ್‌ಮೆಂಟ್‌ಗಳ ಗೇಟಿನಲ್ಲಿ ನಿಂತು ಗಾಡಿ ಎಣಿಸಿದ್ದೆವು. ಆ ಲೆಕ್ಕದಲ್ಲಿ ನಮ್ಮ 612 ಮನೆಗಳಿಂದ ಬೆಳಗಿನ ಪೀಕ್ ಅವರ್‌ನಲ್ಲಿ 280 ಪಿಸಿಯು, ಅಂದರೆ ಎಲ್ಲ ಬಗೆಯ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತಂದರೆ 280. ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಆ 280ನ್ನು ಮಾಡೆಲ್‌ಗೆ ಹಾಕಿ ಓಡಿಸಿದೆ. ಸರ್ಜಾಪುರ ರಸ್ತೆಯ ವಿ/ಸಿ, ಅಂದರೆ ಸಾಮರ್ಥ್ಯಕ್ಕೆ ಎಷ್ಟು ಪಾಲು ಗಾಡಿ ಅನ್ನುವ ಅನುಪಾತ, 1.14 ಇದ್ದದ್ದು 1.17 ಆಯಿತು. 'ಪರಿಣಾಮ ಗಣನೀಯವಲ್ಲ' ಅಂತ ಬರೆದೆ. ಆ ವಾಕ್ಯ ನನ್ನದೇ, ಯಾರೂ ಹೇಳಿ ಬರೆಸಿದ್ದಲ್ಲ.

ತಪ್ಪಾದದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದೇ ಜಾಗದಲ್ಲಿ ಕಾಲಿಡುವ ಹಾಗೆ ಕಾಣುತ್ತಿದೆ. ನಗರದ ಮಾಡೆಲ್‌ನಲ್ಲಿ ಮನೆಗಳಿಲ್ಲ, ಝೋನ್‌ಗಳಿವೆ. ಒಂದು ಝೋನ್ ಅಂದರೆ ಹೆಚ್ಚು ಕಡಿಮೆ ಒಂದು ವಾರ್ಡ್. ಅದರೊಳಗಿನ ಜನ, ಕೆಲಸ, ಶಾಲೆ ಎಲ್ಲವನ್ನೂ ನಡುವಿನ ಒಂದು ಬಿಂದುವಿನಲ್ಲಿ ಕೂರಿಸಿ, ಅಲ್ಲಿಂದ ಒಂದೆರಡು ಕಾಲ್ಪನಿಕ ಗೆರೆ ಎಳೆದು ದೊಡ್ಡ ರಸ್ತೆಗೆ ಸೇರಿಸಿರುತ್ತಾರೆ. ಅದೇ ಕನೆಕ್ಟರ್. ಅದಕ್ಕೆ ಸಾಮರ್ಥ್ಯದ ಮಿತಿಯಿಲ್ಲ, ಎಷ್ಟು ಗಾಡಿ ಸುರಿದರೂ ಹರಿಯುತ್ತದೆ. ನಮ್ಮ ಝೋನಿನ ಕನೆಕ್ಟರ್ ಸರ್ಜಾಪುರ ರಸ್ತೆಗೆ ಸೇರುತ್ತಿದ್ದದ್ದು ನಿಜವಾದ ತಿರುವಿನಿಂದ ಸುಮಾರು ಒಂದು ಕಿಲೋಮೀಟರ್ ಆಚೆ. ನಿಜವಾದ ದಾರಿ ಹಳೇ ಊರಿನ ನಡುವೆ ಹಾಯುವ 18 ಅಡಿಯ ರಸ್ತೆ. ಅದು ಮಾಡೆಲ್‌ನಲ್ಲಿ ಇರಲೇ ಇಲ್ಲ! 280 ಗಾಡಿ ಹೊರಡುವ ಆ 700 ಮೀಟರ್ ನನ್ನ ಲೆಕ್ಕದಲ್ಲಿ ಕಾಲ್ಪನಿಕ ಗೆರೆಯಾಗಿ ಹೋಗಿತ್ತು.

ಇನ್ನೂ ಒಂದು. ಶಾಲೆ ಇದ್ದದ್ದು ಅದೇ ಝೋನಿನೊಳಗೆ. ಝೋನಿನಿಂದ ಅದೇ ಝೋನಿಗೆ ಹೋಗುವ ಟ್ರಿಪ್‌ಗಳು ಯಾವ ರಸ್ತೆಯ ಮೇಲೂ ಬೀಳುವುದಿಲ್ಲ, ಮಾಡೆಲ್ ಅವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕಾರು, ಸ್ಕೂಟರುಗಳೆಲ್ಲ ಹಾಗೇ ಮಾಯವಾದವು.

ಝೋನ್ ಒಡೆದು ನಾಲ್ಕು ಮಾಡಿ, ಆ ಒಳರಸ್ತೆಯನ್ನು ಲಿಂಕ್ ಆಗಿ ಸೇರಿಸಿ, ಕನೆಕ್ಟರನ್ನು ಗೇಟಿಗೆ ಕಟ್ಟಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು. ಎರಡು ದಿನದ ಕೆಲಸ. ಮಾಡಲಿಲ್ಲ. ಕ್ಯಾಲಿಬ್ರೇಟ್ ಆದ, ಅಂದರೆ ರಸ್ತೆಯಲ್ಲಿ ಎಣಿಸಿದ ಗಾಡಿಗಳಿಗೆ ಹೊಂದಿಸಿದ ಮಾಡೆಲ್, ಕೈ ಹಾಕಿ ಕೆಡಿಸಬಾರದು ಅನ್ನುವ ಭಯಭಕ್ತಿ. ಆದರೆ ಕ್ಯಾಲಿಬ್ರೇಟ್ ಆದದ್ದು ದೊಡ್ಡ ರಸ್ತೆಗಳ ಎಣಿಕೆಗೆ, ಈ ಊರಿನ ಓಣಿಗಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಸೈಟಿಗೆ ಹೋಗಿದ್ದೆ, ಒಂದು ಮಧ್ಯಾಹ್ನ, ಮೂರು ಗಂಟೆಗೆ. ಅರಳಿಕಟ್ಟೆ ಮೇಲೆ ಇಬ್ಬರು ಕೂತಿದ್ದರು, ರಸ್ತೆ ಖಾಲಿ ಇತ್ತು.

ಜನ ವಾಸಕ್ಕೆ ಬಂದ ಮೇಲೆ, 2019ರ ಜೂನ್‌ನಲ್ಲಿ, ಶಾಲೆ ಶುರುವಾದ ಒಂದು ಸೋಮವಾರ ಬೆಳಿಗ್ಗೆ ಮತ್ತೆ ಹೋದೆ. ಅದೇ ಅರಳಿಕಟ್ಟೆ ಹತ್ತಿರ ನೀರಿನ ಟ್ಯಾಂಕರ್ ಒಳಗೆ ಬರುತ್ತಿದೆ, ಶಾಲೆ ಬಸ್ಸು ಹೊರಗೆ ಹೋಗುತ್ತಿದೆ, ಎರಡರ ಮೂತಿಯೂ ಎದುರಾಬದುರು. ಹಿಂದೆ ಹೋಗೋಣ ಅಂದರೆ ಬಸ್ಸಿನ ಹಿಂದೆ ಅಪಾರ್ಟ್‌ಮೆಂಟ್ ಗೇಟಿನ ತನಕ ಕಾರುಗಳು. ಯೂನಿಫಾರ್ಮ್ ಹಾಕಿದ ಹುಡುಗನೊಬ್ಬ ಚರಂಡಿ ಕಲ್ಲಿನ ಮೇಲೆ, ಗೋಡೆಗೆ ಬೆನ್ನು ಒತ್ತಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಿದ್ದ. ಗೇಟಿನಿಂದ ಹೊರಟ ಒಂದು ಬಿಳಿ ಕಾರನ್ನು ಗುರುತಿಟ್ಟುಕೊಂಡು ನಡೆದೆ. ಮುಖ್ಯರಸ್ತೆ ಮುಟ್ಟಲು ಅದಕ್ಕೆ 19 ನಿಮಿಷ ಹಿಡಿಯಿತು, ನಾನು ಬಹಳ ಮೊದಲೇ ಅಲ್ಲಿದ್ದೆ. ಹೂ ಮಾರುವ ಹೆಂಗಸು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಏನ್ ಮೇಡಂ, ರೋಡ್ ಅಗಲ ಮಾಡೋಕೆ ಬರ್ಕೊಂತಿದ್ದೀರಾ? ನಮ್ಮನೆ ಹೋಗ್ತದಾ?" ಅಂತ ಕೇಳಿದರು. ಇಲ್ಲಮ್ಮ ಅಂದೆ. ಅವರ ಜಗುಲಿಯಿಂದ ರಸ್ತೆಗೆ ಎರಡಡಿ ಜಾಗ ಇರಲಿಲ್ಲ.

ನನಗೆ ಇವತ್ತಿಗೂ ಸಂಕಟ ಆಗುವುದು ಮುಂದಿನ ವಿಷಯಕ್ಕೆ. ಆ ಸೈಟಿನ ಪೂರ್ವದ ಬದಿ ಒಂದು ಲೇಔಟಿನ 40 ಅಡಿ ರಸ್ತೆಗೆ ತಾಗಿಕೊಂಡಿತ್ತು. ನಾನು ರಿಪೋರ್ಟ್ ಬರೆಯುವಾಗ ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿತ್ತು. ಗೇಟನ್ನು ಆ ಕಡೆ ಇಡಿ ಅಂತ ಒಂದು ಸಾಲು ಬರೆದಿದ್ದರೆ ಬಿಲ್ಡರ್ ಒಪ್ಪುತ್ತಿದ್ದರು, ಅವರಿಗೆ ಅದರಿಂದ ಏನೂ ನಷ್ಟ ಇರಲಿಲ್ಲ. ಈಗ ಬೇಸ್‌ಮೆಂಟಿನ ರ‍್ಯಾಂಪ್ ಇಳಿಯುವುದು ಪಶ್ಚಿಮಕ್ಕೆ, ಪೂರ್ವದಲ್ಲಿ ಟ್ರಾನ್ಸ್‌ಫಾರ್ಮರ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ. ಕದಲಿಸುವ ಹಾಗಿಲ್ಲ.

ಆದ್ದರಿಂದ ಯಾವ ಮಾಡೆಲ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಡೀ ನಗರದ ಈ ಮಾಡೆಲ್‌ಗಳು ಬೆಳೆದದ್ದು 1950ರ ದಶಕದ ಡೆಟ್ರಾಯಿಟ್, ಶಿಕಾಗೊಗಳಲ್ಲಿ, ಹೆದ್ದಾರಿ ಎಲ್ಲಿ ಹಾಯಬೇಕು ಅಂತ ತೀರ್ಮಾನಿಸಲು. ಮೆಟ್ರೊ ಮಾರ್ಗಕ್ಕೆ, ವರ್ತುಲ ರಸ್ತೆಗೆ ಇವತ್ತಿಗೂ ಅವು ಬೇಕೇ ಬೇಕು. ನಿಮ್ಮ ಕೆಲಸಕ್ಕೆ ಅದರಿಂದ ಎರಡೇ ವಿಷಯ ತೆಗೆದುಕೊಳ್ಳಿ. ಆ ಭಾಗದ ಜನ ಯಾವ ದಿಕ್ಕಿಗೆ ಎಷ್ಟು ಹೋಗುತ್ತಾರೆ ಅನ್ನುವುದು ಒಂದು, ಸುತ್ತಲಿನ ಟ್ರಾಫಿಕ್ ಮುಂದೆ ಎಷ್ಟು ಬೆಳೆಯುತ್ತದೆ ಅನ್ನುವುದು ಇನ್ನೊಂದು. ಆ ಬೆಳವಣಿಗೆಯಲ್ಲಿ ನಿಮ್ಮ ಪ್ರಾಜೆಕ್ಟಿನ ಮನೆಗಳೂ ಆಗಲೇ ಸೇರಿವೆಯಾ ಅಂತ ಝೋನಿನ ಜನಸಂಖ್ಯೆ ನೋಡಿ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದೇ ಮನೆಯನ್ನು ಎರಡು ಸಲ ಎಣಿಸುತ್ತೀರಿ. ಉಳಿದದ್ದೆಲ್ಲ ಗೇಟಿನಿಂದ ಮೊದಲ ಎರಡು ಮೂರು ಜಂಕ್ಷನ್‌ಗಳ ತನಕ, ಕೈಯಲ್ಲಿ ಎಣಿಸಿ ಮಾಡುವ ಲೆಕ್ಕ.

ಎರಡು ಸಲ ಓಡಿಸಿ ಕಳೆಯುವ ವಿಧಾನವನ್ನಂತೂ ನಂಬಬೇಡಿ. ನನ್ನ ರನ್‌ನಲ್ಲಿ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಿಂದ ನಗರದ ಇನ್ನೊಂದು ಕಡೆಯ ಯಶವಂತಪುರದ ಹತ್ತಿರ 35 ಗಾಡಿ ಹೆಚ್ಚಾಗಿತ್ತು. ಅದು ಪರಿಣಾಮವಲ್ಲ, ಅಸೈನ್‌ಮೆಂಟ್, ಅಂದರೆ ಗಾಡಿಗಳನ್ನು ರಸ್ತೆಗಳಿಗೆ ಹಂಚುವ ಲೆಕ್ಕ, ಪೂರ್ತಿ ಸಮತೋಲನಕ್ಕೆ ಬರುವ ಮೊದಲೇ ನಿಂತದ್ದರ ಗದ್ದಲ. 280 ಗಾಡಿಯ ಪ್ರಾಜೆಕ್ಟು ಆ ಗದ್ದಲದಲ್ಲೇ ಮುಳುಗಿಹೋಗುತ್ತದೆ.

ಶೇಕಡಾವಾರು ಬರೆಯಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ರಸ್ತೆ ಎಷ್ಟು ಕಿಕ್ಕಿರಿದಿದೆಯೋ ಹೊಸ ಗಾಡಿಗಳ ಶೇಕಡಾ ಅಷ್ಟು ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಉಸಿರುಗಟ್ಟಿದ ರಸ್ತೆಯಲ್ಲೇ ಎಲ್ಲ ಪ್ರಾಜೆಕ್ಟೂ ಸಲೀಸಾಗಿ ಪಾಸಾಗುತ್ತದೆ. ಕ್ಯೂ ಎಷ್ಟು ಮೀಟರ್, ಕಾಯುವುದು ಎಷ್ಟು ನಿಮಿಷ, ನಡೆದು ಹೋಗುವವರಿಗೆ ಎಷ್ಟು ಅಡಿ ಉಳಿಯುತ್ತದೆ, ಇದನ್ನು ಬರೆಯಿರಿ. ಅದೇ ರಸ್ತೆಗೆ ಅನುಮತಿ ಪಡೆದು ಇನ್ನೂ ಕಟ್ಟದ ಪಕ್ಕದ ಪ್ರಾಜೆಕ್ಟುಗಳನ್ನೂ ಕೂಡಿಸಿ.

ನಿಮ್ಮ ಪ್ರಶ್ನೆಯಲ್ಲಿ ಝೋನ್ ನಂಬರ್ ಇದೆ, ಸಾಫ್ಟ್‌ವೇರ್ ಹೆಸರಿದೆ, ಗೇಟ್ ಎಲ್ಲಿ ಅಂತ ಇಲ್ಲ. ನಕ್ಷೆ ಇನ್ನೂ ಅಂತಿಮವಾಗಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ನಕ್ಷೆಯ ಒಂದು ಪ್ರತಿ ಕೈಯಲ್ಲಿ ಹಿಡಿದು, ಶಾಲೆ ಇರುವ ದಿನ ಬೆಳಿಗ್ಗೆ ಎಂಟಕ್ಕೆ ಸೈಟಿನ ನಾಲ್ಕೂ ಬದಿ ಒಮ್ಮೆ ನಡೆದು ಬನ್ನಿ. ಯಾವ ಬದಿಗೆ ಯಾವ ರಸ್ತೆ ತಾಗಿದೆ, ಎಷ್ಟು ಅಗಲ ಇದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡಿ ಹೇಳುತ್ತೇನೆ.