ನೂರರಲ್ಲಿ ಒಂದು ಕಾರ್ಡು, ಕೊಳ್ಳುವವರು ಯಾರೂ ಇಲ್ಲ

ಈ ತಿಂಗಳ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು: ಫೋನಿನಲ್ಲಿ ಫುಟ್‌ಬಾಲ್ ಆಟಗಾರರ ಕಾರ್ಡು ಕೊಂಡು, ತಂಡ ಕಟ್ಟಿ, ಮಾರುವ ಆಟಗಳು. ಪತ್ರ ಬರೆದವರ ಹೆಸರನ್ನೂ ಅವರು ಆಡಿದ ಆಟಗಳ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದೇನೆ. ಜಗತ್ತಿನಲ್ಲಿ ನೂರೇ ನೂರು ಇರುವ ಗೋಲ್‌ಕೀಪರ್ ಕಾರ್ಡೊಂದನ್ನು ಹೋದ ವರ್ಷ ಹರಾಜಿನಲ್ಲಿ 9,000 ರೂಪಾಯಿಗೆ ಕೊಂಡೆ. ಜನವರಿಯಿಂದ ಆ ಆಟಗಾರ ಬೆಂಚಿನ ಮೇಲೆ ಕುಳಿತಿದ್ದಾನೆ. ಬೇರೆಯವರು ಅದೇ ಕಾರ್ಡನ್ನು 8,000ಕ್ಕೆ ಇಟ್ಟಿದ್ದಾರೆ. ನಾನು 6,000ಕ್ಕೆ ಇಟ್ಟು ಎರಡು ತಿಂಗಳಾದರೂ ಒಬ್ಬರೂ ಕೇಳಿಲ್ಲ. ನೂರೇ ಇರುವ ವಸ್ತುವಿಗೆ ಗಿರಾಕಿ ಏಕಿಲ್ಲ? ಇಟ್ಟುಕೊಳ್ಳಲೇ, ಕೊಟ್ಟುಬಿಡಲೇ?

ಉತ್ತರ: ನಿಮ್ಮ ಊರಿನ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳದ ಹಂಗಾಮಿನಲ್ಲಿ ಒಮ್ಮೆ ಹೋಗಿ ಬನ್ನಿ. ಖರೀದಿದಾರ ರಾಶಿಯಿಂದ ಒಂದು ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು ತೇವ ನೋಡಿದ ಮೇಲೆಯೇ ದರ ಹೇಳುತ್ತಾನೆ. ರೈತ ಮನಸ್ಸಿನಲ್ಲಿಟ್ಟುಕೊಂಡು ಬಂದ ದರ ಬೇರೆ, ಚೀಟಿಯಲ್ಲಿ ಬರೆದ ದರ ಬೇರೆ. ಮನೆಗೆ ಬರುವುದು ಚೀಟಿಯ ದರ ಮಾತ್ರ. ನೀವು ಪರದೆಯ ಮೇಲೆ ನೋಡುತ್ತಿರುವ 8,000 ಮಾರುವವರ ಆಸೆಯ ದರ. ಆ ಕಾರ್ಡು ಕೊನೆಯ ಐದಾರು ಬಾರಿ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿಸಿತು, ಯಾವ ದಿನಾಂಕದಲ್ಲಿ ಎಂಬುದನ್ನು ನೋಡಿ. ಹೆಚ್ಚಿನ ಆಟಗಳಲ್ಲಿ ಕಾರ್ಡಿನ ಪುಟದಲ್ಲೇ ಆ ಇತಿಹಾಸ ಇರುತ್ತದೆ. ಕೊನೆಯ ವ್ಯಾಪಾರ ಜನವರಿಗೆ ಮುಂಚಿನದಾಗಿದ್ದರೆ ಇಂದಿನ ದರ ಎಂಬುದೇ ಇಲ್ಲವೆಂದು ತಿಳಿಯಬೇಕು.

ಇನ್ನು ನೂರರ ಮಾತು. 2018ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಸೊರಾರೆ ಸಂಸ್ಥೆ ಈ ಬಗೆಯ ಕಾರ್ಡುಗಳಿಗೆ ಬ್ಲಾಕ್‌ಚೈನ್ (ಯಾವ ಕಾರ್ಡು ಯಾರದೆಂದು ಬರೆದಿಡುವ, ಹಲವು ಕಂಪ್ಯೂಟರುಗಳಲ್ಲಿ ಹಂಚಿದ ಲೆಕ್ಕದ ಪುಸ್ತಕ) ಬಳಸಿ ಹೆಸರಾಯಿತು. ಅಲ್ಲಿ ‘ರೇರ್’ ಕಾರ್ಡು 100, ‘ಸೂಪರ್ ರೇರ್’ 10, ‘ಯೂನಿಕ್’ ಒಂದೇ ಒಂದು. ಆದರೆ ಈ ಎಣಿಕೆ ಒಬ್ಬ ಆಟಗಾರನಿಗೆ ಒಂದು ಹಂಗಾಮಿಗೆ ಮಾತ್ರ ಅನ್ವಯಿಸುತ್ತದೆ. ಮುಂದಿನ ಹಂಗಾಮಿನಲ್ಲಿ ಅದೇ ಆಟಗಾರನ ಹೊಸ ನೂರು ಬರಬಹುದು. ಐದು ವರ್ಷ ಆಡಿದವನ ಕಾರ್ಡುಗಳು ಐನೂರಾಗಿರಬಹುದು. ಸಂಸ್ಥೆಯವರು ಚಾಲ್ತಿ ಹಂಗಾಮಿನ ಕಾರ್ಡುಗಳಿಗೆಂದೇ ಪ್ರತ್ಯೇಕ ಸ್ಪರ್ಧೆಗಳನ್ನು ಇಟ್ಟಾಗ ಹಳೆಯ ಕಾರ್ಡಿನ ಬೇಡಿಕೆ ಇಳಿಯುತ್ತದೆ. ಕೊಳ್ಳುವ ಮುಂಚೆ ‘ಎಷ್ಟು ಇವೆ’ ಎಂದು ಕೇಳುವವರೇ ಹೆಚ್ಚು; ‘ಇದು ಎಷ್ಟು ಜನಕ್ಕೆ ಬೇಕು’ ಎಂದು ಕೇಳುವವರು ವಿರಳ.

ಯಾರಿಗೆ ಬೇಕು ಎಂಬುದನ್ನು ಮೈದಾನವೇ ನಿರ್ಧರಿಸುತ್ತದೆ. ಈ ಆಟಗಳಲ್ಲಿ ಸಾಮಾನ್ಯವಾಗಿ ಐದು ಕಾರ್ಡುಗಳ ತಂಡ: ಒಬ್ಬ ಗೋಲ್‌ಕೀಪರ್, ಒಬ್ಬ ಡಿಫೆಂಡರ್, ಒಬ್ಬ ಮಿಡ್‌ಫೀಲ್ಡರ್, ಒಬ್ಬ ಫಾರ್ವರ್ಡ್, ಜೊತೆಗೆ ಗೋಲ್‌ಕೀಪರ್ ಬಿಟ್ಟು ಮತ್ತೊಬ್ಬ. ನಿಜವಾದ ಪಂದ್ಯದಲ್ಲಿ ಆಟಗಾರ ಏನು ಮಾಡಿದನೆಂಬ ಅಂಕಿ-ಅಂಶವನ್ನು ಆಧರಿಸಿ ಅವನಿಗೆ 0ಯಿಂದ 100ರವರೆಗೆ ಅಂಕ. ಕಣಕ್ಕೆ ಇಳಿಯದವನಿಗೆ ಅಂಕವೇ ಇಲ್ಲ. ಮಿಡ್‌ಫೀಲ್ಡರ್ ಬೆಂಚಿನಿಂದ ಎದ್ದು ಕೊನೆಯ ಇಪ್ಪತ್ತು ನಿಮಿಷ ಆಡಿಯಾನು. ಗೋಲ್‌ಕೀಪರ್‌ಗೆ ಆ ಅವಕಾಶ ಬಹುತೇಕ ಇಲ್ಲ, ಏಕೆಂದರೆ ಮೊದಲನೆಯವನು ಗಾಯಗೊಳ್ಳದೆ ಅಥವಾ ಕೆಂಪು ಕಾರ್ಡು ಪಡೆಯದೆ ಎರಡನೆಯವನು ಒಳಗೆ ಬರುವುದು ಅಪರೂಪ. ಆದ್ದರಿಂದಲೇ ಗೋಲ್‌ಕೀಪರ್ ಕಾರ್ಡಿನ ಬೆಲೆ ಉಳಿದೆಲ್ಲವುಗಳಿಗಿಂತ ಹೆಚ್ಚು ಜಿಗಿಯುತ್ತದೆ, ಹಾಗೆಯೇ ಹೆಚ್ಚು ಕುಸಿಯುತ್ತದೆ. ನಿಮ್ಮ ಕಾರ್ಡಿಗೆ ಆದದ್ದು ಇದೇ. ಆಟಗಾರ ಬೇರೆ ದೇಶದ ಲೀಗ್‌ಗೆ ಹೋಗಿ, ಆ ಲೀಗ್‌ನೊಂದಿಗೆ ಆಟದ ಸಂಸ್ಥೆಯ ಒಪ್ಪಂದ ಇಲ್ಲದಿದ್ದರೂ ಪರಿಣಾಮ ಹೀಗೆಯೇ ಇರುತ್ತದೆ.

ಹರಾಜಿನ ದೊಡ್ಡ ಸುದ್ದಿಗಳನ್ನು ನೀವೂ ಓದಿರುತ್ತೀರಿ. 2022ರಲ್ಲಿ ಎರ್ಲಿಂಗ್ ಹಾಲಂಡ್‌ನ ಒಂದೇ ಪ್ರತಿಯ ಕಾರ್ಡು ಆರು ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಆ ದಿನಗಳಲ್ಲಿ ಇಂಥ ಕಾರ್ಡುಗಳ ವ್ಯವಹಾರ ಈಥರ್ ಎಂಬ ಕ್ರಿಪ್ಟೊ ನಾಣ್ಯದಲ್ಲಿ ನಡೆಯುತ್ತಿತ್ತು. 2021ರ ನವೆಂಬರ್‌ನಲ್ಲಿ 4,800 ಡಾಲರ್ ಸಮೀಪ ಹೋಗಿದ್ದ ಈಥರ್, 2022ರ ಜೂನ್ ವೇಳೆಗೆ ಸಾವಿರ ಡಾಲರ್‌ನ ಆಸುಪಾಸಿಗೆ ಇಳಿದಿತ್ತು. ಆಟಗಾರ ಚೆನ್ನಾಗಿಯೇ ಆಡುತ್ತಿದ್ದರೂ ಕಾರ್ಡಿನ ರೂಪಾಯಿ ಬೆಲೆ ಬಿದ್ದದ್ದು ಹಲವರಿಗೆ ಅರ್ಥವೇ ಆಗಲಿಲ್ಲ.

ನನ್ನ ಸಲಹೆ ಇಷ್ಟು: ನಿಮ್ಮ ಗೋಲ್‌ಕೀಪರ್‌ಗೆ ಮೂವತ್ತು ದಾಟಿಲ್ಲದಿದ್ದರೆ ಮತ್ತು ಅವನ ಒಪ್ಪಂದ ಈ ಬೇಸಿಗೆಗೆ ಮುಗಿಯುವುದಿದ್ದರೆ, ಯುರೋಪಿನ ಆಟಗಾರರ ವರ್ಗಾವಣೆಯ ಅವಧಿಯಾದ ಜುಲೈ-ಆಗಸ್ಟ್‌ವರೆಗೆ ಕಾಯಿರಿ; ಹೊಸ ಕ್ಲಬ್ಬಿನಲ್ಲಿ ಮೊದಲ ಸ್ಥಾನ ಸಿಕ್ಕರೆ ಗಿರಾಕಿ ತಾನಾಗಿ ಬರುತ್ತಾನೆ. ಎರಡರಲ್ಲಿ ಒಂದು ಇಲ್ಲವಾದರೂ ಕೊನೆಯ ವ್ಯಾಪಾರದ ದರಕ್ಕಿಂತ ಸ್ವಲ್ಪ ಕಡಿಮೆಗೆ ಇಟ್ಟು ಕೈಬಿಡಿ. ಹೋದ 9,000ವನ್ನು ವಾಪಸು ತರಲೆಂದು ಇನ್ನೊಂದು ಕಾರ್ಡು ಮಾತ್ರ ಕೊಳ್ಳಬೇಡಿ. ರೂಮಿನ ಬಾಡಿಗೆಗೆಂದು ಮನೆಯಿಂದ ಬರುವ ಹಣವನ್ನು ಈ ಲೆಕ್ಕಕ್ಕೆ ಎಂದೂ ಸೇರಿಸಬೇಡಿ.

ಪ್ರಶ್ನೆ: ಹದಿನೈದು ವರ್ಷದ ನನ್ನ ಮಗ ನನ್ನ ಫೋನಿನಿಂದ ಫುಟ್‌ಬಾಲ್ ಆಟದ ‘ಪ್ಯಾಕ್’ಗಳಿಗೆ ಮೂರು ತಿಂಗಳಲ್ಲಿ 14,000 ರೂಪಾಯಿ ಖರ್ಚು ಮಾಡಿದ್ದಾನೆ. ‘ಕಾರ್ಡು ಮಾರಿದರೆ ದುಡ್ಡು ಬರುತ್ತದಮ್ಮ’ ಎನ್ನುತ್ತಾನೆ. ನಿಜವೇ? — ಗೃಹಿಣಿ, ಚಿತ್ರದುರ್ಗ

ಉತ್ತರ: ತಾಯಿ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ; ಎರಡು ಬೇರೆ ಬೇರೆ ಬಗೆಯ ಕಾರ್ಡುಗಳನ್ನು ಒಂದೇ ಎಂದು ತಿಳಿದಿದ್ದಾನೆ. ಮೇಲಿನ ಪತ್ರದ ಕಾರ್ಡನ್ನು ಹಣಕ್ಕೆ ಮಾರಬಹುದು. ಪ್ಯಾಕ್ ಒಡೆದಾಗ ಸಿಗುವ ಕಾರ್ಡು ಆಟದೊಳಗಿನ ನಾಣ್ಯಕ್ಕೆ ಮಾತ್ರ ಮಾರಾಟವಾಗುತ್ತದೆ, ಕೆಲವು ಅದಕ್ಕೂ ಆಗುವುದಿಲ್ಲ. ಈ ಬಗೆಯಲ್ಲಿ ಎಲ್ಲರೂ ಬಲ್ಲದ್ದು ವಿಡಿಯೊ ಗೇಮ್ ತಯಾರಿಸುವ ಇಎ ಸಂಸ್ಥೆಯ ಫುಟ್‌ಬಾಲ್ ಆಟದಲ್ಲಿ 2009ರಲ್ಲಿ ಆರಂಭವಾದ ‘ಅಲ್ಟಿಮೇಟ್ ಟೀಮ್’. ಅಲ್ಲಿ ಪ್ರತಿ ಮಾರಾಟದಲ್ಲೂ ಶೇಕಡ 5ರಷ್ಟು ನಾಣ್ಯ ಮುರಿದುಕೊಳ್ಳುತ್ತಾರೆ, ಪ್ರತಿ ವರ್ಷ ಹೊಸ ಆವೃತ್ತಿ ಬಂದಾಗ ಹಳೆಯ ತಂಡ ಅಲ್ಲಿಗೆ ಬರುವುದಿಲ್ಲ, ನಾಣ್ಯವನ್ನು ಹೊರಗೆ ರೂಪಾಯಿಗೆ ಮಾರಿದರೆ ಖಾತೆಯನ್ನೇ ಮುಚ್ಚಬಹುದು. ನಿಯಮಪತ್ರದ ಪ್ರಕಾರ ಆಡುವವನಿಗೆ ಸಿಗುವುದು ಬಳಕೆಯ ಪರವಾನಗಿ, ಒಡೆತನ ಸಂಸ್ಥೆಯದು.

ಪ್ಯಾಕಿನೊಳಗೆ ಯಾರಿದ್ದಾರೆಂದು ಹಣ ಕೊಡುವ ಮುಂಚೆ ಗೊತ್ತಾಗದಿರುವುದೇ ಇದರ ಸೆಳೆತ. ಪ್ಯಾಕ್ ಒಡೆಯುವಾಗ ಮಗನ ಪಕ್ಕದಲ್ಲಿ ಕುಳಿತು ನೋಡಿ: ಪರದೆ ಕಪ್ಪಾಗುತ್ತದೆ, ಬೆಳಕು ಹೊಳೆಯುತ್ತದೆ, ಮೊದಲು ದೇಶದ ಬಾವುಟ, ಆಮೇಲೆ ಆಡುವ ಸ್ಥಾನ, ಆಮೇಲೆ ಕ್ಲಬ್ಬಿನ ಗುರುತು, ಕೊನೆಗೆ ಮುಖ. ಆ ಕೆಲವು ಸೆಕೆಂಡುಗಳಿಗೆ ಮಕ್ಕಳು ಮತ್ತೆ ಮತ್ತೆ ಹಣ ಕೊಡುತ್ತಾರೆ. ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ಹಣ ಕೊಟ್ಟು ಒಡೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಮರುವರ್ಷ ಜನವರಿಯಲ್ಲಿ ಇಎ ಆ ದೇಶದಲ್ಲಿ ಪ್ಯಾಕ್‌ಗೆ ಬೇಕಾದ ಪಾಯಿಂಟುಗಳ ಮಾರಾಟ ನಿಲ್ಲಿಸಿತು. ಆಯೋಗದ ತೀರ್ಮಾನ ಸರಿ ಎಂದೇ ನಾನು ನಂಬಿದ್ದೇನೆ.

ಈಗ ಮಾಡಬೇಕಾದದ್ದು: ಆ್ಯಪ್ ಸ್ಟೋರಿನ ಖರೀದಿ ಪಟ್ಟಿ ತೆಗೆದು, ಅಪ್ರಾಪ್ತ ವಯಸ್ಸಿನ ಮಗ ನಿಮ್ಮ ಒಪ್ಪಿಗೆ ಇಲ್ಲದೆ ಕೊಂಡಿದ್ದಾನೆಂದು ತಿಳಿಸಿ ಹಣ ಮರಳಿಸಲು ಕೂಡಲೇ ಅರ್ಜಿ ಹಾಕಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಲು ಅರ್ಹರಲ್ಲ ಎಂಬುದನ್ನೂ ಬರೆಯಿರಿ. ಅತಿ ಇತ್ತೀಚಿನ ಖರೀದಿಗಳ ಹಣ ಮರಳುವ ಸಾಧ್ಯತೆ ಹೆಚ್ಚು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಯುಪಿಐ ಪಿನ್ ಬದಲಿಸಿ. ಆಟವನ್ನು ಅಳಿಸಿಹಾಕಬೇಡಿ, ಹಣ ಹಾಕದೆಯೂ ಅದನ್ನು ಆಡಬಹುದು, ಮತ್ತು ಅದು ಅವನು ಗೆಳೆಯರೊಂದಿಗೆ ಮಾತಾಡುವ ವಿಷಯವೂ ಆಗಿರುತ್ತದೆ.

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬರು ನನ್ನ ಎರಡು ಕಾರ್ಡಿಗೆ ತಮ್ಮ ಒಂದು ದೊಡ್ಡ ಕಾರ್ಡು ಕೊಡುತ್ತೇನೆ, ಮೊದಲು ನೀವು ಕಳಿಸಿ ಎನ್ನುತ್ತಾರೆ. — ಹರಿಹರ

ಉತ್ತರ: ಕಳಿಸಬೇಡಿ. ಎರಡೂ ಕಡೆಯ ಕಾರ್ಡು ಒಂದೇ ಒತ್ತಿಗೆ ಅದಲುಬದಲಾಗುವ ವ್ಯವಸ್ಥೆ ಆಟದೊಳಗೆ ಇದ್ದರೆ ಅಲ್ಲಿ ಮಾತ್ರ ವಿನಿಮಯ ಮಾಡಿ. ವ್ಯಾಲೆಟ್ಟಿನ, ಅಂದರೆ ಕಾರ್ಡು ಇಟ್ಟಿರುವ ಡಿಜಿಟಲ್ ಖಾತೆಯ, ರಹಸ್ಯ ಪದಗಳನ್ನು ಯಾರು ಕೇಳಿದರೂ ಅವರು ಕಳ್ಳರೇ. ಈಗಾಗಲೇ ಹಣ ಹೋಗಿದ್ದರೆ ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಬ್ಲಾಕ್‌ಚೈನ್ ಕಾರ್ಡು ಮಾರಿ ಒಂದರಲ್ಲಿ 10,000 ರೂಪಾಯಿ ಲಾಭ, ಇನ್ನೊಂದರಲ್ಲಿ 8,000 ನಷ್ಟವಾಗಿದೆ. ತೆರಿಗೆ ಉಳಿದ 2,000ಕ್ಕೆ ತಾನೇ? ಆಡುವುದು ಕಾನೂನುಬದ್ಧವೇ? — ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಲ್ಲ, ತೆರಿಗೆ ಪೂರ್ತಿ 10,000ಕ್ಕೆ. 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇಕಡ 30 ತೆರಿಗೆ ಇದ್ದು, ಕೊಂಡ ಬೆಲೆಯನ್ನು ಮಾತ್ರ ಕಳೆಯಬಹುದು; ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ನಿಮ್ಮ ಲೆಕ್ಕದಲ್ಲಿ 3,000 ತೆರಿಗೆ, ಅದರ ಮೇಲೆ ಶೇಕಡ 4 ಸೆಸ್ ಸೇರಿ 3,120 ರೂಪಾಯಿ. ಕೈಯಲ್ಲಿ ಉಳಿದದ್ದಕ್ಕಿಂತ ಕಟ್ಟುವುದೇ ಹೆಚ್ಚು. ಕಾರ್ಡಿಗೆ ಕಾರ್ಡು ಬದಲಿಸಿದ್ದೂ ವರ್ಗಾವಣೆಯೇ ಆದ್ದರಿಂದ ದಿನಾಂಕ ಮತ್ತು ಅಂದಿನ ರೂಪಾಯಿ ಬೆಲೆಯನ್ನು ಬರೆದಿಟ್ಟುಕೊಳ್ಳಿ.

ಎರಡನೆಯ ಪ್ರಶ್ನೆಗೆ: 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲವಾಗಲಿ ಅದೃಷ್ಟವಾಗಲಿ, ಹಣ ಅಥವಾ ಹಣಕ್ಕೆ ಸಮನಾದುದನ್ನು ಪಣವಿಟ್ಟು ಹಣ ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ. ‘ಪಣ’ ಎಂಬುದರ ವ್ಯಾಖ್ಯೆಯಲ್ಲಿ ಹಣಕ್ಕೆ ಪರಿವರ್ತಿಸಬಹುದಾದ ಟೋಕನ್ ಮತ್ತು ವಸ್ತುಗಳೂ ಸೇರಿವೆ. ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಅದರ ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ; ಆಡುವವರಿಗಲ್ಲ. ಹಾಗಿದ್ದರೂ ನಗದು ಬಹುಮಾನದ ಸ್ಪರ್ಧೆಗೆ ನಿಮ್ಮ ಕಾರ್ಡುಗಳನ್ನು ಇಳಿಸಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ ಇಂಥ ಆಟಗಳಿಗೆ ಹಣ ಸಾಗಿಸುವ ಬ್ಯಾಂಕಿಗೂ ಆ ನಿಷೇಧ ಅನ್ವಯಿಸುತ್ತದೆ.